ಕಬ್ಬಿಣದ ಮೊನೆ, ಬೆಳಕಿನ ಚುಕ್ಕಿ

ಇಂದಿನ ಸೈನಿಕನ ಕೈಯಲ್ಲಿರುವ ರೈಫಲ್ಲನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಚಿತ್ರ ಕಾಣಿಸದೆ ಇರದು. ಅದರ ಬೆನ್ನಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಗಾಜಿನ ಕಿಟಕಿಯೊಂದು ಕುಳಿತಿರುತ್ತದೆ. ಅದರೊಳಗೆ ಕಣ್ಣಿಟ್ಟು ನೋಡಿದರೆ ಒಂದು ಕೆಂಪು ಚುಕ್ಕಿ. ಚುಕ್ಕಿ ಎಲ್ಲಿ ಕುಳಿತಿತೋ ಗುಂಡೂ ಅಲ್ಲಿಗೇ. ಇಷ್ಟು ಸುಲಭವಾದ ಸಾಧನ ಬಂದ ಮೇಲೆ, ನೂರಾರು ವರ್ಷಗಳಿಂದ ನಳಿಗೆಯ ತುದಿಯಲ್ಲಿ ನಿಂತಿದ್ದ ಕಬ್ಬಿಣದ ಮೊನೆಗೂ ಹಿಂದಿನ ಕಚ್ಚಿಗೂ ಏನು ಕೆಲಸ? ಆದರೂ ಅವು ಹೋಗಿಲ್ಲ. ಸೊಸೆ ಬಂದ ಮೇಲೂ ಉಗ್ರಾಣದ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡ ಅತ್ತೆಯ ಹಾಗೆ, ಕೆಲವು ರೈಫಲ್ಲುಗಳಲ್ಲಿ ಎದ್ದು ನಿಂತು, ಕೆಲವುಗಳಲ್ಲಿ ಮಡಿಸಿಕೊಂಡು ಮಲಗಿ, ಅಲ್ಲೇ ಉಳಿದಿವೆ.

ಇದು ಸೈನ್ಯದವರ ವಿಚಾರ, ಭಾನುವಾರದ ಓದುಗರಿಗೇಕೆ ಎಂದು ಯಾರಾದರೂ ಕೇಳಬಹುದು. ಬಂದೂಕು ನನ್ನ ಕಸುಬೂ ಅಲ್ಲ. ಆದರೆ ಬೀದರ ಜಿಲ್ಲೆಯ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಈ ಎರಡು ಬಗೆಯ ಗುರಿಗಳೂ ಒಮ್ಮೆ ಒಂದೇ ದಿನ, ಒಂದೇ ಊರ ಬಳಿ ಕೂಡಿದ್ದವು. ಆ ದಿನದ ಕಥೆಯನ್ನು ಹೇಳಬೇಕಾದರೆ ಕಣ್ಣು ಗುರಿಯನ್ನು ಹಿಡಿಯಲು ಕಲಿತ ಹಳೆಯ ಕಥೆಯಿಂದಲೇ ತೊಡಗಬೇಕು.

ಮೊದಲು ಒಂದು ಮಾತಿನ ಸಂಗತಿ. ಉರ್ದುವಿನಲ್ಲಿ ‘ಶಿಸ್ತ್ ಬಾಂಧ್‌ನಾ’ ಎಂದರೆ ಗುರಿ ಹಿಡಿಯುವುದು. ಇದು ಪಾರ್ಸಿಯಿಂದ ಬಂದದ್ದು. ಅಲ್ಲಿ ಮೂಲಪದಕ್ಕೆ ಹೆಬ್ಬೆರಳು ಎಂದೂ, ಬಿಲ್ಲಿನ ಹೆದೆಯನ್ನು ಸೆಳೆಯುವಾಗ ಹೆಬ್ಬೆರಳಿಗೆ ತೊಡುವ ಉಂಗುರವೆಂದೂ ಅರ್ಥ. ಮರಾಠಿಯ ‘ಶಿಸ್ತ’ ಎಂಬ ಮಾತಿಗೆ ಬಂದೂಕಿನ ಗುರಿ, ನೇರ್ಪು ಎರಡೂ ಅರ್ಥಗಳುಂಟು. ಶಾಲೆಯಲ್ಲಿ ಮೇಷ್ಟರು ಬೆತ್ತ ಆಡಿಸುತ್ತ ನಮ್ಮಿಂದ ಬೇಡುತ್ತಿದ್ದ ಕನ್ನಡದ ‘ಶಿಸ್ತು’ ಇದೇ ಮನೆತನದ್ದು. ಬಿಲ್ಲುಗಾರನ ಹೆಬ್ಬೆರಳಿನಿಂದ ಹೊರಟ ಪದ ಬಂದೂಕಿನ ನಳಿಗೆಯನ್ನು ದಾಟಿ ಶಾಲೆಯ ಬೆಂಚಿನವರೆಗೆ ನಡೆದು ಬಂದಿದೆ.

ಬಿಲ್ಲುಗಾರನಿಗೆ ಗುರಿಗಣ್ಣು ಬೇಕಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಶಸ್ತ್ರವಿನೋದವೂ ಉಂಟು, ಬೇಟೆಯೂ ಉಂಟು. ಆ ವಿದ್ಯೆಯೆಲ್ಲ ತೋಳಿನದು, ಅಭ್ಯಾಸದ್ದು. ಹರಿದಾಡುವ ಹುಡುಗ ಮಾವಿನಕಾಯಿಗೆ ಕಲ್ಲು ಬೀರುವಾಗ ಅಳತೆ ಹಾಕುತ್ತಾನೆಯೇ? ಕಣ್ಣು ಕಾಯಿಯ ಮೇಲಿರುತ್ತದೆ, ಕೈ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕೆಂಪು ಚುಕ್ಕಿಯ ಗುಟ್ಟು ಇಲ್ಲಿಯೇ ಇದೆ.

ಮದ್ದು ಬಂದ ಮೇಲೆ ಈ ಸುಖ ತಪ್ಪಿತು. ಬಸವಕಲ್ಯಾಣದ ಕೋಟೆಯ ಬುರುಜುಗಳ ಮೇಲೆ ಇಂದಿಗೂ ತೋಪುಗಳು ಬಾಯ್ದೆರೆದು ಮಲಗಿವೆ. ಈ ಸೀಮೆಯ ದೊಡ್ಡ ತೋಪುಗಳಲ್ಲಿ ಹಲವು ಎರಕದವಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೂಡಿಸಿ, ಮೇಲೆ ಕಾದ ಬಳೆಗಳನ್ನು ಏರಿಸಿ ಬಡಿದು ಮಾಡಿದವು. ಇಂಥ ತೋಪಿಗೆ ಗುರಿಯಿಡುವುದೆಂದರೆ ಅದರ ಬೆನ್ನಿನ ಮೇಲಿಂದ ಬಾಯಿಯ ಕಡೆಗೆ ನೋಡುವುದು, ಅಷ್ಟೆ. ಅದರಲ್ಲೂ ಒಂದು ಮೋಸವಿದೆ. ತೋಪಿನ ಹಿಂಭಾಗ ದಪ್ಪ, ಬಾಯಿಯ ಕಡೆ ತೆಳುವು. ಆದುದರಿಂದ ಮೇಲ್ಮೈಯ ನೇರದಲ್ಲಿ ನೋಡಿದ ಕಣ್ಣು ಒಂದು ಕಡೆ ಹೋದರೆ, ಒಳಗಿನ ಕೊಳವೆ ಅದಕ್ಕಿಂತ ಮೇಲಕ್ಕೆ ಮುಖ ಮಾಡಿರುತ್ತದೆ. ಒಳ್ಳೆಯ ಗೋಲಂದಾಜನಿಗೆ ಈ ವ್ಯತ್ಯಾಸ ಗೊತ್ತಿತ್ತು. ಅದನ್ನು ಎಷ್ಟು ಕಳೆಯಬೇಕು, ಎಷ್ಟು ಕೂಡಿಸಬೇಕು ಎಂಬುದೇ ಅವನ ಅನ್ನದ ವಿದ್ಯೆ.

1657ರಲ್ಲಿ ಔರಂಗಜೇಬ ಇನ್ನೂ ರಾಜಕುಮಾರನಾಗಿ ದಖ್ಖನಿನ ಸುಬೇದಾರನಾಗಿದ್ದಾಗ ಮೊದಲು ಬೀದರನ್ನೂ ಆಮೇಲೆ ಕಲ್ಯಾಣವನ್ನೂ ಮುತ್ತಿದ. ಬೀದರಿನಲ್ಲಿ ಕೋಟೆ ಬೀಳಲು ದೊಡ್ಡ ಕಾರಣವಾದದ್ದು ಮದ್ದಿನ ಸಂಗ್ರಹಕ್ಕೆ ಬಿದ್ದ ಒಂದು ಕಿಡಿ. ಆ ಸ್ಫೋಟದಲ್ಲಿ ಕಿಲ್ಲೇದಾರ ಸಿದ್ದಿ ಮರ್ಜಾನನೂ ಅವನ ಮಕ್ಕಳೂ ಸುಟ್ಟು ಗಾಯಗೊಂಡರು, ಅವನು ಬದುಕಲಿಲ್ಲ. ಅಷ್ಟೆಲ್ಲ ತೋಪುಗಳು ಗುರಿಯಿಟ್ಟು ಮಾಡಲಾರದ ಕೆಲಸವನ್ನು ಗುರಿಯಿಲ್ಲದ ಕಿಡಿಯೊಂದು ಮಾಡಿತು. ಕಲ್ಯಾಣವು ಅಷ್ಟು ಬೇಗ ಮಣಿಯಲಿಲ್ಲ; ದಿಲಾವರ ಹಬಶಿಯ ಕೈಯಲ್ಲಿದ್ದ ಆ ಕೋಟೆ ಮೇ ತಿಂಗಳಿಂದ ಜುಲೈ ಕಳೆಯುವವರೆಗೂ ತಡೆದು ನಿಂತಿತು.

ಕೈಬಂದೂಕಿನ ವಿಷಯದಲ್ಲಿ ನಮ್ಮವರು ಹಿಂದೆ ಬಿದ್ದಿರಲಿಲ್ಲವೆಂದು ನನ್ನ ಅಭಿಪ್ರಾಯ. ಹಳೆಯ ಬತ್ತಿಯ ಬಂದೂಕುಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಿ. ಅವುಗಳಲ್ಲಿ ಅನೇಕಕ್ಕೆ ತುದಿಯಲ್ಲಿ ಒಂದು ಮೊನೆ, ಹಿಂದೆ ಒಂದು ಕಚ್ಚು, ಎರಡೂ ಇರುತ್ತವೆ. ಆ ಮೊನೆಯನ್ನು ಉರ್ದುವಿನಲ್ಲಿ ‘ಮಕ್ಕೀ’, ಅಂದರೆ ನೊಣ, ಎನ್ನುತ್ತಾರೆ. ನಳಿಗೆಯ ಮೇಲೆ ನೊಣ ಕುಳಿತ ಹಾಗೆ ಕಾಣುವುದರಿಂದ ಆ ಹೆಸರು. ಅತ್ತ ಕಂಪನಿಯ ಸಿಪಾಯಿಗೆ ಕೊಟ್ಟ ‘ಬ್ರೌನ್ ಬೆಸ್’ ಬಂದೂಕಿಗೆ ಹಿಂಗಚ್ಚೇ ಇರಲಿಲ್ಲ. ಮುಂದೆ ಇದ್ದ ಗುಬಟು ಸಹ ಬಾಯೊನೆಟ್ಟನ್ನು ಸಿಕ್ಕಿಸಲು ಮಾಡಿದ್ದು. ಸಾಲಾಗಿ ನಿಂತು ಒಟ್ಟಿಗೆ ಹಾರಿಸುವುದು ಅವರ ಕ್ರಮ. ಒಬ್ಬೊಬ್ಬನ ಗುರಿ ಯಾರಿಗೂ ಬೇಕಿರಲಿಲ್ಲ. ಶಿಸ್ತು ಎಂಬ ಪದದ ಎರಡು ಅರ್ಥಗಳು ಇಲ್ಲಿ ಬೇರೆಯಾದುವು. ಬತ್ತಿಯ ಬಂದೂಕಿನವನಲ್ಲಿ ಒಂದಿತ್ತು, ಕಂಪನಿಯ ಸಾಲಿನಲ್ಲಿ ಇನ್ನೊಂದಿತ್ತು, ಗೆದ್ದದ್ದು ಎರಡನೆಯದು.

ನಳಿಗೆಯೊಳಗೆ ಸುರುಳಿಗೆರೆ ಕೊರೆದು ಗುಂಡನ್ನು ತಿರುಗಿಸಿ ಬಿಡುವ 1853ರ ಎನ್‌ಫೀಲ್ಡ್ ರೈಫಲ್ಲು ಬಂದಾಗ ಗುರಿಗೆ ಮತ್ತೆ ಬೆಲೆ ಬಂತು. ಅದರ ತೋಟೆಗೆ ಸವರಿದ ಕೊಬ್ಬಿನ ಕಥೆ ನಮ್ಮ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಅದೇ ರೈಫಲ್ಲಿನ ಮೇಲೆ ಏಣಿಯಂತೆ ಎದ್ದು ನಿಲ್ಲುವ ಹಿಂಗಚ್ಚಿತ್ತು, ದೂರಕ್ಕೆ ತಕ್ಕಂತೆ ಅದನ್ನು ಏರಿಸಿ ಇಳಿಸಬಹುದಾಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಮುಂದೆ ಬಂದ ಲೀ-ಎನ್‌ಫೀಲ್ಡ್, ನಮ್ಮ ಜನ ‘ತ್ರೀ ನಾಟ್ ತ್ರೀ’ ಎಂದು ಕರೆದದ್ದು, ಕಲ್ಕತ್ತೆಯ ಬಳಿಯ ಈಶಾಪುರದಲ್ಲೇ ತಯಾರಾಗುತ್ತಿತ್ತು. ಅದರ ಹಿಂಗಚ್ಚಿನ ಮೇಲೆ 2000 ಗಜದವರೆಗೆ ಅಂಕಿ ಕೊರೆದಿರುತ್ತಿದ್ದರು. ಅಷ್ಟು ದೂರದಲ್ಲಿ ಮನುಷ್ಯನಿರಲಿ, ಎತ್ತಿನ ಗಾಡಿಯೂ ನೆಟ್ಟಗೆ ಕಾಣದು. ಅಂಕಿ ಕೊರೆದವರ ಉತ್ಸಾಹವನ್ನು ಮೆಚ್ಚಬೇಕು.

ಕಬ್ಬಿಣದ ಗುರಿಯ ಕಷ್ಟ ಏನೆಂಬುದು ಕಾಲೇಜಿನ ಎನ್.ಸಿ.ಸಿ.ಯಲ್ಲಿ ಪಾಯಿಂಟ್ ಟೂಟೂ ರೈಫಲ್ಲು ಹಿಡಿದವರಿಗೆಲ್ಲ ಗೊತ್ತು. ಹಿಂದಿನ ಕಚ್ಚು ಕಣ್ಣಿನಿಂದ ಗೇಣುದೂರದಲ್ಲಿ. ಮುಂದಿನ ಮೊನೆ ನಳಿಗೆಯ ತುದಿಯಲ್ಲಿ. ಗುರಿಯ ಹಲಗೆ ಎಲ್ಲೋ ಮೈದಾನದ ಕೊನೆಯಲ್ಲಿ. ಮೂರನ್ನೂ ಒಂದೇ ಗೆರೆಯಲ್ಲಿ ತರಬೇಕು. ಆದರೆ ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲುದು. ‘ಮೊನೆಯನ್ನು ನೋಡು, ಹಲಗೆ ಮಸುಕಾದರೆ ಆಗಲಿ’ ಎಂದು ನಮ್ಮ ಹವಾಲ್ದಾರರು ಕೂಗುತ್ತಿದ್ದರು. ಹೊಡೆಯಬೇಕಾದ್ದನ್ನು ಬಿಟ್ಟು ಬೇರೆಯದನ್ನು ನೋಡು ಎನ್ನುವ ಈ ಪಾಠ ಮನಸ್ಸಿಗೆ ಒಗ್ಗಲು ದಿನಗಳೇ ಬೇಕಾಗುತ್ತವೆ. ಲೆಕ್ಕವೂ ನಿಷ್ಕರುಣೆಯದು. ಮೊನೆಗೂ ಕಚ್ಚಿಗೂ ನಡುವೆ ಅರ್ಧ ಮೀಟರ್ ಅಂತರವಿದ್ದು, ಮೊನೆ ಅರ್ಧ ಮಿಲಿಮೀಟರಿನಷ್ಟು ಸರಿದರೆ, 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. 300 ಮೀಟರಿನಲ್ಲಿ 30. ನಲವತ್ತು ದಾಟಿ ಕನ್ನಡಕ ಬಂದವನಿಗಂತೂ ಆ ಮೊನೆಯೇ ಸರಿಯಾಗಿ ಕಾಣದು.

ಈ ಮೂರರ ಜಗಳವನ್ನು ಬಿಡಿಸಿದವನು ಸೈನಿಕನಲ್ಲ, ನಕ್ಷತ್ರ ನೋಡುವ ಕನ್ನಡಿಗಳನ್ನು ಮಾಡುವವನು. ಐರ್ಲೆಂಡಿನ ಡಬ್ಲಿನ್ ನಗರದ ಸರ್ ಹೊವರ್ಡ್ ಗ್ರಬ್ ತಂದೆಯ ಕಾಲದಿಂದ ದೂರದರ್ಶಕಗಳನ್ನು ಮಾಡುತ್ತಿದ್ದವನು. 1900ರಲ್ಲಿ ಅವನು ಹೊಸ ಬಗೆಯ ಗುರಿಗಾಜಿಗೆ ಹಕ್ಕುಪತ್ರ ಪಡೆದ. ಅವನ ಉಪಾಯ ಹೀಗೆ. ರಾತ್ರಿ ರೈಲಿನಲ್ಲಿ ಕಿಟಕಿಯ ಗಾಜಿನ ಮೂಲಕ ಹೊರಗೆ ನೋಡುವಾಗ ಡಬ್ಬಿಯೊಳಗಿನ ದೀಪವು ಹೊರಗಿನ ಹೊಲದ ಮೇಲೆ ತೇಲುತ್ತಿರುವಂತೆ ಕಾಣುತ್ತದಲ್ಲವೆ? ಅದೇ ತತ್ತ್ವ. ಒಂದು ಸಣ್ಣ ಬೆಳಕಿನ ಗುರುತನ್ನು ಮಸೂರದ ಮೂಲಕ ಹಾಯಿಸಿ, ಓರೆಯಾಗಿ ನಿಲ್ಲಿಸಿದ ಗಾಜಿನಿಂದ ಕಣ್ಣಿಗೆ ತಿರುಗಿಸಿದರೆ, ಆ ಗುರುತು ಗಾಜಿನ ಮೇಲಲ್ಲ, ಅನಂತ ದೂರದಲ್ಲಿ, ಗುರಿಯ ಪಕ್ಕದಲ್ಲೇ ಇರುವಂತೆ ಕಾಣುತ್ತದೆ. ಕಣ್ಣು ಮೂರು ದೂರಗಳ ನಡುವೆ ಓಡಾಡಬೇಕಾಗಿಲ್ಲ. ತಲೆ ತುಸು ಅತ್ತಿತ್ತ ಆದರೂ ಗುರುತು ನಳಿಗೆಯ ದಿಕ್ಕನ್ನು ಬಿಡದು. ಎರಡೂ ಕಣ್ಣು ತೆರೆದು, ಹುಡುಗ ಮಾವಿನಕಾಯಿಯನ್ನು ನೋಡುವ ಹಾಗೆ, ಗುರಿಯನ್ನೇ ನೋಡಿದರೆ ಸಾಕು.

ಈ ಗ್ರಬ್ಬನ ಹೆಸರು ನಮ್ಮ ದಾರಿಗೆ ಹೊಸದಲ್ಲ. ಹುಮನಾಬಾದಿನ ಮೇಲೆ ಹಾಯುವ ಹೆದ್ದಾರಿ ಪುಣೆಯಿಂದ ಹೈದರಾಬಾದಿಗೆ ಹೋಗುತ್ತದೆ. ಪುಣೆಯ ಮಹಾರಾಜಾ ತಖ್ತಸಿಂಗಜೀ ವೀಕ್ಷಣಾಲಯದಲ್ಲಿ 1888ರಿಂದ ಇದ್ದ 20 ಅಂಗುಲದ ದೂರದರ್ಶಕ ಗ್ರಬ್ಬನ ಕಾರ್ಖಾನೆಯದು. ದಾರಿಯ ಮತ್ತೊಂದು ಕೊನೆಯಲ್ಲಿ, ಹೈದರಾಬಾದಿನ ನವಾಬ ಜಫರ್ ಜಂಗ್ 1901ರ ಸುಮಾರಿಗೆ ಕೊಂಡು ತಂದ 15 ಅಂಗುಲದ ದೂರದರ್ಶಕವೂ ಗ್ರಬ್ಬನದೇ. ಅದರಿಂದಲೇ ನಿಜಾಮಿಯಾ ವೀಕ್ಷಣಾಲಯ ಹುಟ್ಟಿತು. ಹೀಗೆ ದಾರಿಯ ಎರಡು ತುದಿಗಳಲ್ಲಿ ಅವನ ಗಾಜು ಆಕಾಶವನ್ನು ನೋಡುತ್ತಿದ್ದ ಕಾಲದಲ್ಲಿ, ಅವನ ಇನ್ನೊಂದು ಗಾಜಿನ ಕಲ್ಪನೆ ಕಾಗದದ ಮೇಲಿತ್ತು. ಅದೇ ಹೆದ್ದಾರಿಯನ್ನು ಹಿಡಿದು ಮತ್ತೂ ಪೂರ್ವಕ್ಕೆ ಹೋದರೆ ಸಿಗುವುದು ಮಚಲೀಪಟ್ಟಣ; ಅಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನ ಘಟಕವೊಂದು ಸೈನ್ಯಕ್ಕೆ ರಾತ್ರಿ ನೋಡುವ ಗಾಜುಗಳನ್ನು ಮಾಡುತ್ತದೆ. ದಾರಿಗಳಿಗೂ ಜಾತಕವಿರಬೇಕು.

ಗ್ರಬ್ಬನ ಗಾಜು ರೈಫಲ್ಲಿಗಿಂತ ಮೊದಲು ವಿಮಾನವನ್ನು ಏರಿತು. ಬಿಸಿಲಿನಲ್ಲಿ ಕಾಣುವಷ್ಟು ಬೆಳಕು ಕೊಡುವ ದೀಪ ಕೈಬಂದೂಕಿನ ಮೇಲೆ ಹಿಡಿಸುವಷ್ಟು ಸಣ್ಣದಾಗಿರಲಿಲ್ಲ; ವಿಮಾನದಲ್ಲಾದರೆ ವಿದ್ಯುತ್ತು ಇತ್ತು. 1918ರಲ್ಲಿ ಜರ್ಮನರು ಅದನ್ನು ತಮ್ಮ ಯುದ್ಧವಿಮಾನಗಳಲ್ಲಿ ಇಟ್ಟು ನೋಡಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಎಲ್ಲ ಪಕ್ಷದ ವಿಮಾನಗಳಲ್ಲೂ ಚಾಲಕನ ಮುಂದೆ ಬೆಳಕಿನ ಉಂಗುರ, ನಡುವೆ ಚುಕ್ಕಿ ತೇಲುತ್ತಿತ್ತು. ಗಮನಿಸಬೇಕಾದ್ದು ಇದು: ಅನೇಕ ವಿಮಾನಗಳಲ್ಲಿ ಈ ಗಾಜಿನ ಜೊತೆಗೆ ಹಳೆಯ ಕಬ್ಬಿಣದ ಬಳೆಯನ್ನೂ ಮಣಿಯನ್ನೂ ಉಳಿಸಿಕೊಂಡಿದ್ದರು. ದೀಪ ಸುಟ್ಟುಹೋದರೆ? ಬರಿಯ ಕಬ್ಬಿಣಕ್ಕೆ ಸುಡುವುದೇನೂ ಇಲ್ಲ.

ರೈಫಲ್ಲಿಗೆ ಈ ಬೆಳಕು ಇಳಿದದ್ದು 1975ರಲ್ಲಿ, ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿಯವರಿಂದ. ಅಷ್ಟರಲ್ಲಿ ಗಡಿಯಾರದಲ್ಲೂ ಲೆಕ್ಕದ ಯಂತ್ರದಲ್ಲೂ ಹೊಳೆಯುತ್ತಿದ್ದ ಎಲ್.ಇ.ಡಿ. ಎಂಬ ಪುಟ್ಟ ಕೆಂಪು ದೀಪ ಬಂದಿತ್ತು. ಗಾಜಿಗೆ ಕೆಂಪನ್ನು ಮಾತ್ರ ಹಿಂದಕ್ಕೆ ಕಳಿಸುವ ತೆಳುವಾದ ಲೇಪ. ಇಂದಿನವುಗಳಲ್ಲಿ ಕೆಲವು ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಉರಿಯುತ್ತವೆ. ನಮ್ಮ ಸೈನ್ಯದ ವಿಶೇಷ ಪಡೆಗಳ ಇಸ್ರೇಲೀ ರೈಫಲ್ಲುಗಳ ಮೇಲೂ ಇದೇ ಜಾತಿಯ ಗಾಜು ಕುಳಿತಿದೆ.

ಹಾಗಾದರೆ ಎರಡೂ ಒಟ್ಟಿಗೆ ಹೇಗೆ ಬಾಳುತ್ತವೆ? ಎರಡು ಪದ್ಧತಿಗಳಿವೆ. ಒಂದರಲ್ಲಿ ಗಾಜಿನ ಎತ್ತರವೂ ಕಬ್ಬಿಣದ ಎತ್ತರವೂ ಒಂದೇ. ಕೆನ್ನೆಯೂರಿ ಕಚ್ಚಿನೊಳಗಿಂದ ನೋಡಿದರೆ ಚುಕ್ಕಿ ಮೊನೆಯ ತಲೆಯ ಮೇಲೆ ತಿಲಕವಿಟ್ಟಂತೆ ಕೂರುತ್ತದೆ. ಇನ್ನೊಂದರಲ್ಲಿ ಗಾಜನ್ನು ಸ್ವಲ್ಪ ಎತ್ತರಿಸುತ್ತಾರೆ. ಕಬ್ಬಿಣದ ಗುರಿ ಕಿಟಕಿಯ ಕೆಳಗಿನ ಮೂರನೆಯ ಒಂದು ಪಾಲಿನಲ್ಲಿ ಅಡಗಿರುತ್ತದೆ, ಬೇಕಾದಾಗ ತಲೆ ತಗ್ಗಿಸಿದರೆ ಸಿಗುತ್ತದೆ. ನನಗೆ ಎರಡನೆಯದು ಮೇಲೆಂದು ತೋರುತ್ತದೆ. ದಿನವೂ ಬಳಸುವ ಬಾಗಿಲಲ್ಲಿ ಕಂಬ ಅಡ್ಡ ನಿಲ್ಲಬಾರದು. ಎರಡನ್ನೂ ಬೇರೆಬೇರೆಯಾಗಿ ಗುಂಡು ಹಾರಿಸಿ ನೋಡಿ ಸರಿಪಡಿಸಿಕೊಳ್ಳಬೇಕು. ಹೊಸಬರು ಮಾಡುವ ತಪ್ಪೆಂದರೆ, ಚುಕ್ಕಿಯನ್ನು ಪ್ರತಿ ಸಾರಿಯೂ ಮೊನೆಯ ಮೇಲೆ ತಂದು ಕೂರಿಸಿ ಆಮೇಲೆ ಹಾರಿಸುವುದು. ಹಾಗೆ ಮಾಡಿದರೆ ಸೊಸೆ ಅತ್ತೆಯ ಅಪ್ಪಣೆಯಿಲ್ಲದೆ ಒಗ್ಗರಣೆಯನ್ನೂ ಹಾಕಲಾರಳು. ಚುಕ್ಕಿ ಕಿಟಕಿಯ ಮೂಲೆಯಲ್ಲಿದ್ದರೂ ಗುಂಡು ಅದು ತೋರಿದಲ್ಲಿಗೇ ಹೋಗುತ್ತದೆ. ಕಬ್ಬಿಣದ ಕೆಲಸ ಬೇರೆ: ಚುಕ್ಕಿ ಸರಿಯಾದ ಸ್ಥಾನದಲ್ಲಿದೆಯೇ, ಯಾವುದೋ ಪೆಟ್ಟಿಗೆ ಗಾಜು ಸರಿದಿದೆಯೇ ಎಂದು ಆಗಾಗ ಸಾಕ್ಷಿ ಹೇಳುವುದು, ಬ್ಯಾಟರಿ ಸತ್ತಾಗ, ಮಳೆಯ ಕೆಸರು ದೀಪದ ದಾರಿಯನ್ನು ಮುಚ್ಚಿದಾಗ, ಮುಂದೆ ಬರುವುದು. ಕೆಲವರ ಕಣ್ಣಿನ ದೋಷದಿಂದ ಚುಕ್ಕಿ ಒಡೆದ ನಕ್ಷತ್ರದಂತೆ ಕಾಣುವುದೂ ಉಂಟು. ಅವರಿಗೆ ಹಳೆಯ ಕಚ್ಚೇ ಗತಿ.

ಇನ್ನು ರಾಜೇಶ್ವರಕ್ಕೆ ಬರೋಣ. ಬಸವಕಲ್ಯಾಣ ಮತ್ತು ಹುಮನಾಬಾದುಗಳ ನಡುವೆ ಹೆದ್ದಾರಿಯ ಮೇಲಿರುವ ಊರು ಅದು. 1948ರಲ್ಲಿ ಇದೆಲ್ಲ ನಿಜಾಮನ ಸೀಮೆ. ಬಸವಕಲ್ಯಾಣದ ಹೆಸರಿನ್ನೂ ಕಲ್ಯಾಣಿ, ಅಲ್ಲೊಬ್ಬ ನವಾಬ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಗಡಿ ದಾಟಿತು. ಮೊದಲ ದಿನ ನಳದುರ್ಗ, ಸಂಜೆಯೊಳಗೆ ಉಮರ್ಗಾ. 14ರಂದು ಮುಂದಿನ ಗುರಿ ರಾಜೇಶ್ವರ, ಸುಮಾರು 48 ಕಿಲೋಮೀಟರ್ ಪೂರ್ವಕ್ಕೆ. ದಾರಿಯುದ್ದಕ್ಕೂ ಹೊಂಚು ಹಾಕಿದ ನೆಲೆಗಳಿವೆಯೆಂದು ಆಕಾಶದಿಂದ ನೋಡಿ ಬಂದವರು ತಿಳಿಸಿದರು. ಆಗ ‘ಟೆಂಪೆಸ್ಟ್’ ಯುದ್ಧವಿಮಾನಗಳನ್ನು ಕರೆಸಿದರು. ಅವುಗಳ ಹೊಡೆತಕ್ಕೆ ದಾರಿ ತೆರವಾಯಿತು, ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಸೈನ್ಯದ ವಶವಾಯಿತು.

ಆ ಟೆಂಪೆಸ್ಟ್ ಚಾಲಕನ ಕಣ್ಣಿನ ಮುಂದೆ ಗ್ರಬ್ಬನ ಬೆಳಕು ಇತ್ತು. ಅವನ ಕೆಳಗೆ ನಡೆದು ಬರುತ್ತಿದ್ದ ನಮ್ಮ ಸಿಪಾಯಿಯ ಕೈಯಲ್ಲಿ ತ್ರೀ ನಾಟ್ ತ್ರೀಯ ಕಬ್ಬಿಣದ ಮೊನೆ. ವಿಮಾನಕ್ಕೆ ಬಯಲಿನ ನೆಲೆ ಕಾಣುತ್ತದೆ, ಊರ ಸಂದಿಯ ಗೋಡೆಯ ಹಿಂದಿರುವವನು ಕಾಣುವುದಿಲ್ಲ. ಉಳಿದದ್ದನ್ನು ಕಬ್ಬಿಣದ ಗುರಿಯವನೇ ನೋಡಿಕೊಳ್ಳಬೇಕು. ಒಂದೇ ರೈಫಲ್ಲಿನ ಮೇಲೆ ಅಲ್ಲದಿದ್ದರೂ, ಒಂದೇ ದಾರಿಯ ಮೇಲೆ ಅವೆರಡೂ ಅಂದು ಒಂದಕ್ಕೊಂದು ಆಸರೆಯಾಗಿದ್ದುವು. ಎದುರಿಗಿದ್ದವರ ಸ್ಥಿತಿ ಬೇರೆ. ನಿಜಾಮನ ಕಾಲಾಳುಗಳಲ್ಲಿ ರೈಫಲ್ಲುಗಳಿದ್ದುವು. ಆದರೆ ರಜಾಕಾರರಲ್ಲಿ ನಾಲ್ಕರಲ್ಲೊಬ್ಬನಿಗೆ ಮಾತ್ರ ಹೊಸ ಬಗೆಯ ಆಯುಧ ಇತ್ತೆಂದೂ ಉಳಿದವರು ಬಾಯಿಯಿಂದ ಮದ್ದು ತುಂಬುವ ಬಂದೂಕು, ಕತ್ತಿಗಳನ್ನೇ ನಂಬಿದ್ದರೆಂದೂ ಲೆಕ್ಕ ಹೇಳುತ್ತಾರೆ. ದಂಡು ಮುಂದೆ ಜಹೀರಾಬಾದಿನ ಕಡೆಗೆ ಹೊರಟಿತು. 17ರಂದು ನಿಜಾಮ ಯುದ್ಧ ನಿಲ್ಲಿಸಿದ. 18ರಂದು ಅವನ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧುರಿಗೆ ಶರಣಾದ.

ಐದು ದಿನದ ಈ ಕಾರ್ಯಾಚರಣೆಯನ್ನು ಗುರಿಗಳ ಇತಿಹಾಸದಲ್ಲಿ ಬರೆದು ಮುಗಿಸಿಬಿಡಬಹುದು. ಆದರೆ ಈ ಜಿಲ್ಲೆಯ ಜನ 1948ನ್ನು ನೆನೆಯುವುದು ರಾಜೇಶ್ವರದ ವಿಮಾನಗಳಿಂದಲ್ಲ. ಆ ವರ್ಷ ಮೇ 9ರಂದು ಬಸವಕಲ್ಯಾಣದ ಬಳಿಯ ಗೋರಟಾ ಗ್ರಾಮಕ್ಕೆ ರಜಾಕಾರರು ನುಗ್ಗಿದರು. ಸತ್ತವರು ಇನ್ನೂರರ ಸುಮಾರು ಎಂಬುದು ಸಾಮಾನ್ಯವಾಗಿ ಹೇಳುವ ಎಣಿಕೆ. ಅಲ್ಲಿ ಹುತಾತ್ಮರ ಸ್ಮಾರಕ ಎದ್ದು ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ, ಹತ್ತಿರಹತ್ತಿರ ಎಪ್ಪತ್ತೈದು ವರ್ಷ ಕಳೆದ ಮೇಲೆ.

ಸೈನ್ಯ ಬಂದು ರಜಾಕಾರರು ಚದುರಿದ ಮೇಲೆ ಸೇಡಿನ ಸರದಿ ಬಂತು. ಈ ಸಾರಿ ಸತ್ತವರು ಮುಸಲ್ಮಾನರು, ಅವರಲ್ಲಿ ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದವರು ಬಹಳ. ಭಾರತ ಸರಕಾರವೇ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ನೋಡಿ ಬರಲು ಕಳುಹಿಸಿತು. ಅವರು 1948ರ ನವೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಸುತ್ತಿದರು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬೇಕೆಂದು ಅವರ ಅಂದಾಜು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ. ಹೆಣಗಳಿಂದ ತುಂಬಿದ ಬಾವಿಗಳ ಮಾತು ಅವರ ವರದಿಯಲ್ಲಿದೆ.

ಗೋರಟಾದ ಓಣಿಯಲ್ಲಾಗಲಿ ಆ ಬಾವಿಕಟ್ಟೆಗಳ ಮೇಲಾಗಲಿ ಕೊಲ್ಲುವವನಿಗೂ ಸಾಯುವವನಿಗೂ ನಡುವೆ ಇದ್ದ ದೂರಕ್ಕೆ ಮೊನೆಯೂ ಬೇಡ, ಕಚ್ಚೂ ಬೇಡ, ಬೆಳಕಿನ ಚುಕ್ಕಿಯೂ ಬೇಡ. ಮುಖ ಗುರುತು ಹಿಡಿಯಬಹುದಾದ ದೂರ; ಹಲವು ಕಡೆ ಹೆಸರು ಹಿಡಿದು ಕೂಗಬಹುದಾದ ದೂರ. ಸುಂದರಲಾಲರ ವರದಿಯನ್ನು ಸರಕಾರ ಆಗ ಪ್ರಕಟಿಸಲಿಲ್ಲ. ಸಾಮಾನ್ಯ ಓದುಗನೊಬ್ಬ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನು ಕೇಳಿ ತೆಗೆಸಿ ನೋಡಬಹುದೆಂದು ಸುದ್ದಿ ಹರಡಿದ್ದು 2013ರಲ್ಲಿ.